ಗಂಜಿನ ಅಡತಿ ಅಂಗಡಿಗೆ ಏಳು ಲಕ್ಷದ ಸರ್ವರ್ ಬೇಕಿತ್ತಾ?

2023ರ ಮೇ ತಿಂಗಳು. ಕಲಬುರಗಿಯಲ್ಲಿ ಮಧ್ಯಾಹ್ನ ಎರಡು ಗಂಟೆಗೆ ನಾಯಿ ಕೂಡ ನೆರಳು ಬಿಟ್ಟು ಬರುವುದಿಲ್ಲ. ಅಂಥ ಹೊತ್ತಿನಲ್ಲಿ ನೆಹರು ಗಂಜ್ ಅನ್ನುವ ಧಾನ್ಯ ಮಾರುಕಟ್ಟೆಯ ಒಂದು ಅಡತಿ ಅಂಗಡಿಯಿಂದ, ಅಂದರೆ ರೈತರ ಮಾಲು ಕಮಿಷನ್‌ಗೆ ಮಾರಿಸಿಕೊಡುವ ಅಂಗಡಿಯಿಂದ, ಫೋನ್ ಬಂತು. "ಸರ್ವರ್ ಬಂದ್ ಬಿದ್ದದ ನೋಡ್ರಿ. ಚಾಲೂನೇ ಆಗವಲ್ದು."

ಹೋಗಿ ನೋಡಿದೆ. ಅಂಗಡಿಯ ಹಿಂದಿನ ಸಣ್ಣ ಕೋಣೆ. ಮೇಲೆ ತಗಡು, ಪಕ್ಕದಲ್ಲಿ ಖಾಲಿ ಗೋಣಿಚೀಲಗಳ ರಾಶಿ. ಸರ್ವರ್ ಅಂದರೆ ಅಂಗಡಿಯ ಎಲ್ಲ ಕಂಪ್ಯೂಟರ್‌ಗಳ ಲೆಕ್ಕ ಇರುವ ಮಷಿನ್. ಅದರ ಮುಚ್ಚಳ ತೆಗೆದರೆ ಫ್ಯಾನಿನ ರೆಕ್ಕೆಗಳ ಮೇಲೆ ತೊಗರಿ ಹೊಟ್ಟಿನ ಧೂಳು ಕಂಬಳಿ ಹೊದಿಸಿದ ಹಾಗೆ ಕೂತಿತ್ತು. ಬೆರಳು ಒತ್ತಿದರೆ ಗುರುತು ಮೂಡುವಷ್ಟು ದಪ್ಪ. ಮದರ್‌ಬೋರ್ಡ್ ಹೋಗಿತ್ತು. ಡಿಸ್ಕ್ ಬದುಕಿತ್ತು, ಪುಣ್ಯಕ್ಕೆ.

ಆ ಡಿಸ್ಕನ್ನು ಬೇರೆ ಮಷಿನ್‌ಗೆ ಹಾಕಿ ಸಂಜೆಯೊಳಗೆ ಕೆಲಸ ಶುರು ಮಾಡಿಕೊಟ್ಟೆ. ಮೇ ತಿಂಗಳಲ್ಲಿ ಗಂಜಿಗೆ ತೊಗರಿ ಬರುವುದು ಕಡಿಮೆ, ಹಾಗಾಗಿ ಯಾರಿಗೂ ದೊಡ್ಡ ಪೆಟ್ಟು ಬೀಳಲಿಲ್ಲ. ಆದರೆ ಹೊಸ ಸರ್ವರ್ ತರಲೇಬೇಕಿತ್ತು. ಯಾವುದು, ಎಷ್ಟಕ್ಕೆ, ಯಾಕೆ ಅಂತ ಮುಂದಿನ ನಾಲ್ಕು ತಿಂಗಳು ನಡೆದ ಲೆಕ್ಕಾಚಾರವೇ ಈ ಬರಹ. ನಾನು ಈ ಊರಲ್ಲಿ ಸಣ್ಣ ಅಂಗಡಿಗಳ ಸಾಫ್ಟ್‌ವೇರ್ ನೋಡಿಕೊಳ್ಳುವವನು. ಅಂಗಡಿಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಅವರ ಹೆಸರು ಹಾಕಿಲ್ಲ. ಬೆಲೆಗಳೆಲ್ಲ ಆಗ ನಮ್ಮ ಕೈಗೆ ಬಂದವು. ಇವತ್ತಿನ ಬೆಲೆ ಬೇರೆ ಇರಬಹುದು.

ಅಂಗಡಿಯ ಕೆಲಸ ಹೇಗೆ ನಡೆಯುತ್ತದೆ

ಗಂಜಿನ ಹೊರಗಿನವರಿಗೆ ಒಂದೆರಡು ಮಾತು. ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಹೊಸ ತೊಗರಿ ಬರಲು ಶುರುವಾಗುತ್ತದೆ. ಜನವರಿ, ಫೆಬ್ರವರಿಯಲ್ಲಿ ಗಂಜಿನೊಳಗೆ ಗಾಡಿ ತಿರುಗಿಸಲೂ ಜಾಗ ಇರುವುದಿಲ್ಲ. ಶರಣಬಸವೇಶ್ವರ ಜಾತ್ರೆ ಮುಗಿಯುವಷ್ಟರಲ್ಲಿ ಆವಕ ಇಳಿದಿರುತ್ತದೆ. ಅಂದರೆ ವರ್ಷದ ಗಳಿಕೆಯ ಬಹುಪಾಲು ಎರಡೂವರೆ ತಿಂಗಳಲ್ಲಿ ಬರಬೇಕು.

ದಿನದ ಲೆಕ್ಕವೂ ಹಾಗೇ. ಬೆಳಿಗ್ಗೆ ರಾಶಿ ಹಾಕುತ್ತಾರೆ. ಆನ್‌ಲೈನ್ ಟೆಂಡರ್ ಮುಗಿದು ಯಾರ ರಾಶಿ ಯಾರಿಗೆ ಅಂತ ಗೊತ್ತಾಗುವುದು ಮಧ್ಯಾಹ್ನದ ಮೇಲೆ. ಆಮೇಲೆ ತೂಕ, ಹಮಾಲಿ ಲೆಕ್ಕ, ರೈತರಿಗೆ ಪಟ್ಟಿ (ತೂಕ, ದರ, ಹಮಾಲಿ ಬರೆದ ಲೆಕ್ಕದ ಚೀಟಿ), ಖರೀದಿದಾರರಿಗೆ ಬಿಲ್ಲು. ಎಲ್ಲ ಒಟ್ಟಿಗೆ ಬಂದು ಬೀಳುತ್ತವೆ. ಸಂಜೆ ನಾಲ್ಕರಿಂದ ಎಂಟರವರೆಗೆ ಹನ್ನೆರಡು ಕಂಪ್ಯೂಟರ್‌ಗಳೂ ಒಂದೇ ಸರ್ವರ್ ಮೇಲೆ ಕೂತಿರುತ್ತವೆ. ಪಟ್ಟಿ ಕೈಗೆ ಸಿಗದೆ ರೈತ ಊರಿಗೆ ಹೊರಡುವುದಿಲ್ಲ. ಅಫಜಲಪುರಕ್ಕೋ ಚಿಂಚೋಳಿಗೋ ಹೋಗಬೇಕಾದವರು ಅಂಗಡಿ ಕಟ್ಟೆ ಮೇಲೆ ಕಾಯುತ್ತಿರುತ್ತಾರೆ.

ಸಾಫ್ಟ್‌ವೇರ್ ಅಂದರೆ 2011ರಲ್ಲಿ ಊರಿನ ಒಬ್ಬ ಹುಡುಗ ವಿಬಿ ಡಾಟ್‌ನೆಟ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದುಕೊಟ್ಟದ್ದು. ಅವನು ಈಗ ಪುಣೆಯಲ್ಲಿದ್ದಾನೆ. ಸೋರ್ಸ್ ಕೋಡ್ ಕೊಟ್ಟು ಹೋಗಿದ್ದ, ಅದು ದೊಡ್ಡ ಉಪಕಾರ. ಲೆಕ್ಕವನ್ನೆಲ್ಲ ಇಡುವ ಡೇಟಾಬೇಸ್ ಎಸ್‌ಕ್ಯೂಎಲ್ ಸರ್ವರ್ 2014 ಎಕ್ಸ್‌ಪ್ರೆಸ್, ಅಂದರೆ ಮೈಕ್ರೋಸಾಫ್ಟ್ ಪುಕ್ಕಟೆ ಕೊಡುವ ಆವೃತ್ತಿ. ಅದರ ಕೆಳಗೆ ಮಷಿನ್ ನಡೆಸುತ್ತಿದ್ದದ್ದು ವಿಂಡೋಸ್ ಸರ್ವರ್ 2012 ಆರ್2. ಅದಕ್ಕೆ 2023ರ ಅಕ್ಟೋಬರ್ 10ಕ್ಕೆ ಭದ್ರತಾ ಅಪ್‌ಡೇಟ್ ನಿಲ್ಲುವುದಿತ್ತು. ಅದರ ಲೈಸೆನ್ಸ್ ಕಾಗದ ಕೇಳಿದೆ. ಅಂಗಡಿಯ ಲೆಕ್ಕ ಬರೆಯುವ ಮುನೀಮರು ಕಪಾಟು ತೆರೆದು ಒಂಬತ್ತು ವರ್ಷದ ಲೈಟ್ ಬಿಲ್ ತೆಗೆದರು, ಲೈಸೆನ್ಸ್ ಮಾತ್ರ ಸಿಗಲಿಲ್ಲ. ನಾನೂ ಮತ್ತೆ ಕೇಳಲಿಲ್ಲ.

ಮೊದಲ ಕೊಟೇಶನ್

ಸಾವುಕಾರರು ಹೈದರಾಬಾದಿನ ಕಡೆಯ ಒಂದು ಕಂಪನಿಯಿಂದ ಕೊಟೇಶನ್ ತರಿಸಿದರು. ಸರ್ವರ್ ಮಷಿನ್ 1,65,000. ವಿಂಡೋಸ್ ಸರ್ವರ್ 2022 ಸ್ಟ್ಯಾಂಡರ್ಡ್ 78,000. ಅದನ್ನು ಮುಟ್ಟುವ ಹನ್ನೆರಡು ಜನಕ್ಕೆ ಕ್ಯಾಲ್, ಅಂದರೆ ಒಬ್ಬೊಬ್ಬರಿಗೆ ಒಂದೊಂದು ಪ್ರವೇಶ ಲೈಸೆನ್ಸ್, 38,400. ಎಸ್‌ಕ್ಯೂಎಲ್ ಸರ್ವರ್ ಸ್ಟ್ಯಾಂಡರ್ಡ್ 82,000. ಅದಕ್ಕೂ ಹನ್ನೆರಡು ಕ್ಯಾಲ್, 2,22,000. ಕೂರಿಸಿಕೊಡಲು 25,000. ಒಟ್ಟು 6,10,400. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಅಂತೂ 7 ಲಕ್ಷ 20 ಸಾವಿರ.

"ಇಷ್ಟ್ ರೊಕ್ಕಕ್ಕ ಒಂದ್ ಸಣ್ಣ ಗಾಡಿ ಬರ್ತದಲ್ರೀ" ಅಂದರು ಸಾವುಕಾರರು.

ಈ ಕೊಟೇಶನ್‌ನಲ್ಲಿ ಸುಳ್ಳು ಏನೂ ಇರಲಿಲ್ಲ. ಪ್ರತಿ ಸಾಲೂ ನಿಯಮದ ಪ್ರಕಾರವೇ ಇತ್ತು. ಮಷಿನ್ ಎಷ್ಟೇ ಸಣ್ಣದಿರಲಿ, ವಿಂಡೋಸ್ ಸ್ಟ್ಯಾಂಡರ್ಡ್ ಕೊಳ್ಳುವವರು ಕನಿಷ್ಠ 16 ಕೋರ್‌ಗೆ (ಕೋರ್ ಅಂದರೆ ಪ್ರೊಸೆಸರ್ ಒಳಗಿನ ಲೆಕ್ಕ ಮಾಡುವ ಘಟಕ) ದುಡ್ಡು ಕೊಡಬೇಕು. ಕ್ಯಾಲ್ ಕೂಡ ಬೇಕೇ ಬೇಕು. ತಪ್ಪು ಇದ್ದದ್ದು ಬೇರೆ ಕಡೆ: ಇವರಿಗೆ ಅದೆಲ್ಲ ಬೇಕಾ ಅಂತ ಯಾರೂ ಕೇಳಿರಲಿಲ್ಲ. ಜೊತೆಗೆ ಒಂದು ಹೆದರಿಕೆಯನ್ನೂ ಸೇರಿಸಿದ್ದರು. 2023ರ ಏಪ್ರಿಲ್ 1ರಿಂದ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಯಾರು ಏನು ತಿದ್ದಿದರು ಅನ್ನುವ ದಾಖಲೆ ಕಡ್ಡಾಯ, ಹಳೆಯದು ನಡೆಯುವುದಿಲ್ಲ ಅಂತ. ಆ ನಿಯಮ ನಿಜ, ಆದರೆ ಅದು ಕಂಪನಿ ಕಾಯ್ದೆಯಡಿ ನೋಂದಾಯಿಸಿದ ಕಂಪನಿಗಳಿಗೆ. ಇದು ಅಣ್ಣತಮ್ಮಂದಿರ ಪಾಲುದಾರಿಕೆ ಅಂಗಡಿ. ಸಿಎ ಒಂದೇ ಮಾತಿನಲ್ಲಿ ಬಗೆಹರಿಸಿದರು.

ಜಿಎಸ್‌ಟಿ ವಿಷಯ ಮಾತ್ರ ಸ್ವಲ್ಪ ನಿಂತು ನೋಡಬೇಕಾದ್ದು. ಬೇರೆ ವ್ಯಾಪಾರದವರು ಈ 18 ಪರ್ಸೆಂಟನ್ನು ಮುಂದೆ ತಾವು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳುತ್ತಾರೆ. ರೈತರ ಮಾಲು ಮಾರಿಸಿಕೊಡುವ ಅಡತಿ ಕಮಿಷನ್‌ಗೆ ಜಿಎಸ್‌ಟಿ ಇಲ್ಲ. ತೆರಿಗೆ ಕಟ್ಟುವುದೇ ಇಲ್ಲ ಅಂದಮೇಲೆ ಕಳೆಯುವುದು ಎಲ್ಲಿಂದ? ಹಾಗಾಗಿ ಆ ಒಂದು ಲಕ್ಷದ ಹತ್ತು ಸಾವಿರ ಪೂರ್ತಿ ಕೈಯಿಂದ ಹೋಗುವ ದುಡ್ಡು. ಬೆಂಗಳೂರಿನ ಯಾವುದೋ ಕಂಪನಿಯ ಲೆಕ್ಕ ನೋಡಿ "ಇಷ್ಟಾಗುತ್ತದೆ" ಅನ್ನುವವರು ಇದನ್ನು ಮರೆಯುತ್ತಾರೆ.

ಮಗನ ಮಾತು: ಕ್ಲೌಡ್

ಸಾವುಕಾರರ ಮಗ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾನೆ. ರಜೆಗೆ ಬಂದವನು ಕೇಳಿದ, "ಸರ್ವರ್ ಯಾಕೆ ಕೊಳ್ಳಬೇಕು? ಬಾಡಿಗೆಗೆ ತಗೊಳ್ಳಿ." ಕ್ಲೌಡ್ ಅಂದರೆ ಅದೇ, ಬೇರೆ ಊರಿನ ಮಷಿನನ್ನು ಇಂಟರ್ನೆಟ್ ಮೂಲಕ ಬಳಸುವುದು. ನಾಲ್ಕು ಕೋರ್, 16 ಜಿಬಿ ಮೆಮೊರಿಯ ವಿಂಡೋಸ್ ಮಷಿನ್ ಮುಂಬೈ ಡೇಟಾ ಸೆಂಟರ್‌ನಲ್ಲಿ ತಿಂಗಳಿಗೆ ಸುಮಾರು 15,000 ಅಂತ ಲೆಕ್ಕ ಬಂತು. ಐದು ವರ್ಷಕ್ಕೆ 9 ಲಕ್ಷ, ಜಿಎಸ್‌ಟಿ ಸೇರಿದರೆ 10 ಲಕ್ಷ 62 ಸಾವಿರ. ಮುನೀಮರು ಕನ್ನಡಕ ಸರಿ ಮಾಡಿಕೊಂಡು ನಕ್ಕರು.

ಆದರೆ ಹುಡುಗ ಜಾಣ. ಹಮಾಲರ ಉದಾಹರಣೆ ಕೊಟ್ಟ. "ನಾವು ಹಮಾಲರಿಗೆ ತಿಂಗಳ ಪಗಾರ ಕೊಡ್ತೀವಾ? ಚೀಲಕ್ಕೆ ಇಷ್ಟು ಅಂತ ಕೊಡ್ತೀವಿ. ಇದೂ ಗಂಟೆ ಲೆಕ್ಕ." ತಿಂಗಳಿಗೆ 730 ಗಂಟೆ. ಅಂಗಡಿ ತೆರೆದಿರುವುದು ದಿನಕ್ಕೆ ಹತ್ತು ಗಂಟೆಯಂತೆ 26 ದಿನ, ಅಂದರೆ 260 ಗಂಟೆ. ಉಳಿದ ಹೊತ್ತು ಮಷಿನ್ ಆಫ್ ಮಾಡಿಟ್ಟರೆ ತಿಂಗಳಿಗೆ ಆರು ಸಾವಿರದೊಳಗೆ ಆಗುತ್ತದೆ. ಐದು ವರ್ಷಕ್ಕೆ ಜಿಎಸ್‌ಟಿ ಸೇರಿ ಸುಮಾರು 4 ಲಕ್ಷ 20 ಸಾವಿರ. ಧೂಳಿಲ್ಲ, ಬಿಸಿಲಿಲ್ಲ, ಮದರ್‌ಬೋರ್ಡ್ ಸುಡುವ ಭಯವಿಲ್ಲ. ನಿಜ ಹೇಳಬೇಕಂದ್ರೆ ಆ ಲೆಕ್ಕ ನನಗೂ ಹಿಡಿಸಿತು.

ಹಾಗಾಗಿ ಸುಮ್ನೆ ಬಾಯಿಮಾತಲ್ಲಿ ಬೇಡ, ಪರೀಕ್ಷೆ ಮಾಡಿಯೇ ಬಿಡೋಣ ಅಂದೆ. ಒಂದು ತಿಂಗಳಿಗೆ ಮಷಿನ್ ಬಾಡಿಗೆಗೆ ತೆಗೆದುಕೊಂಡು ಡೇಟಾ ಏರಿಸಿದೆವು. ರೈತರ ಪಟ್ಟಿಯ ಸ್ಕ್ರೀನ್ ತೆರೆದರೆ ಮೂರು ಸೆಕೆಂಡ್ ಬೆಳ್ಳಗೆ ನಿಂತಿರುತ್ತಿತ್ತು. ಯಾಕೆ ಅಂತ ಕೋಡ್ ಒಳಗೆ ಇಳಿದು ನೋಡಿದೆ. ಆ ಒಂದು ಸ್ಕ್ರೀನ್ ಡೇಟಾಬೇಸಿಗೆ 64 ಪ್ರಶ್ನೆ ಕೇಳುತ್ತದೆ, ಒಂದಾದ ಮೇಲೆ ಒಂದು. ರೈತನ ಹೆಸರೇನು? ಊರು ಯಾವುದು? ಹಮಾಲಿ ದರ ಎಷ್ಟು? ಹಿಂದಿನ ಮುಂಗಡ ಎಷ್ಟು? ಸರ್ವರ್ ಅಂಗಡಿಯೊಳಗೇ ಇದ್ದರೆ ಒಂದು ಪ್ರಶ್ನೆಗೆ ಒಂದು ಮಿಲಿಸೆಕೆಂಡ್ ಸಾಕು. ಮುಂಬೈಗೆ ಹೋಗಿ ಬರಲು 35 ಬೇಕು. 64ನ್ನು 35ರಿಂದ ಗುಣಿಸಿದರೆ ಎರಡು ಸೆಕೆಂಡ್ ದಾರಿಯಲ್ಲೇ ಹೋಯಿತು. ಸರ್ವರ್ ಎಷ್ಟು ದೊಡ್ಡದು ತಂದರೂ ಆ ದೂರ ಕಡಿಮೆ ಆಗುವುದಿಲ್ಲ.

ರಿಮೋಟ್ ಡೆಸ್ಕ್‌ಟಾಪ್ ಇಟ್ಟರೆ, ಅಂದರೆ ಸಾಫ್ಟ್‌ವೇರ್ ಮುಂಬೈಯಲ್ಲೇ ಓಡಿ ಪರದೆ ಮಾತ್ರ ಇಲ್ಲಿ ಕಾಣುವ ಹಾಗೆ ಮಾಡಿದರೆ, ಈ ತೊಂದರೆ ತಪ್ಪುತ್ತದೆ. ಆದರೆ ಅದಕ್ಕೆ ಒಬ್ಬೊಬ್ಬರಿಗೂ ಇನ್ನೊಂದು ಬಗೆಯ ಕ್ಯಾಲ್ ಬೇಕು. ಇನ್ನು ಪಟ್ಟಿ ಮುದ್ರಿಸುವುದು ಮೂರು ಕಾರ್ಬನ್ ಪ್ರತಿಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ನಲ್ಲಿ. ಮುಂಬೈಯಿಂದ ಅದಕ್ಕೆ ಪಟ್ಟಿ ಕಳಿಸಿದರೆ ಪ್ರತಿ ಸಲ ಒಂದು ಗೆರೆ ಕೆಳಗೆ ಬೀಳುತ್ತಿತ್ತು. ತೂಕದ ಜಾಗದಲ್ಲಿ ದರ, ದರದ ಜಾಗದಲ್ಲಿ ಹಮಾಲಿ. ಎರಡು ದಿನ ಕೂತರೂ ಸರಿ ಹೋಗಲಿಲ್ಲ. ಮೂರನೇ ದಿನ ಗಂಜಿನ ರಸ್ತೆಯಲ್ಲಿ ಯಾರೋ ಪೈಪ್ ಹಾಕಲು ಅಗೆದು ಇಂಟರ್ನೆಟ್ ಕೇಬಲ್ ಕಡಿದರು. ಕ್ಲೌಡ್ ಮಾತು ಅಲ್ಲಿಗೇ ನಿಂತಿತು. ಕ್ಲೌಡ್ ಕೆಟ್ಟದ್ದು ಅಂತಲ್ಲ. ಅದಕ್ಕಾಗಿಯೇ ಬರೆದ ಸಾಫ್ಟ್‌ವೇರ್ ಆಗಿದ್ದರೆ ಕಥೆ ಬೇರೆ ಇರುತ್ತಿತ್ತು. ಇದು 2011ರ ಸಾಫ್ಟ್‌ವೇರ್.

ನನ್ನ ಹಟ: ಲಿನಕ್ಸ್

ಈಗ ನನ್ನ ತಪ್ಪಿನ ಕಥೆ. ವಿಂಡೋಸ್ ಬದಲು ಹಾಕಬಹುದಾದ ಪುಕ್ಕಟೆ ಆಪರೇಟಿಂಗ್ ಸಿಸ್ಟಂ ಲಿನಕ್ಸ್ ಅಂದರೆ ನನಗೆ ಪ್ರೀತಿ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಅನ್ನುವ ಡೇಟಾಬೇಸ್ ಅಂದರೆ ಇನ್ನೂ ಜಾಸ್ತಿ. ಎರಡಕ್ಕೂ ಲೈಸೆನ್ಸ್ ದುಡ್ಡು ಸೊನ್ನೆ, ಕ್ಯಾಲ್ ಅನ್ನುವ ಪದವೇ ಇಲ್ಲ, ಹನ್ನೆರಡಲ್ಲ ನೂರಿಪ್ಪತ್ತು ಜನ ಕೂತರೂ ಯಾರೂ ಕೇಳುವುದಿಲ್ಲ. "ಇಡೀ ಸಾಫ್ಟ್‌ವೇರನ್ನ ಹೊಸದಾಗಿ ಬರೆದು, ಬ್ರೌಸರ್‌ನಲ್ಲಿ ನಡೆಯುವ ಹಾಗೆ ಮಾಡಿಕೊಡ್ತೀನಿ. ನಾಲ್ಕು ತಿಂಗಳು, ಮೂರೂವರೆ ಲಕ್ಷ" ಅಂದೆ. ನಾನೇ ಲಾಭ ಮಾಡಿಕೊಳ್ಳುವ ದಾರಿ ಅದು, ಮುಚ್ಚಿಡುವುದಿಲ್ಲ.

ಕೆಲಸ ಶುರು ಮಾಡುವ ಮೊದಲು ಡೇಟಾ ತೆಗೆದು ನೋಡಿದೆ. ರೈತರ ಹೆಸರಿನ ಕಾಲಂನಲ್ಲಿ ಇಂಗ್ಲಿಷ್ ಅಕ್ಷರ, ಟೋಪಿ ಹಾಕಿದ ಅಕ್ಷರ, ಯಾವುದೋ ದೇಶದ ನಾಣ್ಯದ ಚಿಹ್ನೆ ಎಲ್ಲ ಕಲಸಿಟ್ಟ ಹಾಗಿತ್ತು. ಒಂದು ನಿಮಿಷ ಡೇಟಾ ಕೆಟ್ಟಿದೆ ಅಂದುಕೊಂಡೆ. ಕೆಟ್ಟಿರಲಿಲ್ಲ. ಆ ಹುಡುಗ ಹೆಸರುಗಳನ್ನು ಯುನಿಕೋಡ್‌ನಲ್ಲಿ ಇಟ್ಟಿರಲಿಲ್ಲ, ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶದ ಹಳೆಯ ಫಾಂಟ್ ಸಂಕೇತದಲ್ಲಿ ಇಟ್ಟಿದ್ದ. ನುಡಿ ಫಾಂಟ್ ಹಾಕಿದ ಕೂಡಲೇ "ಶರಣಪ್ಪ" ಅಂತ ಚೆಂದ ಕಾಣುತ್ತದೆ. ಬ್ರೌಸರ್‌ಗೆ ಹಾಕಿದರೆ ಮಂತ್ರ ಬರೆದ ತಾಯಿತದ ಹಾಗೆ ಕಾಣುತ್ತದೆ. ಬದಲಾಯಿಸಲು ಪರಿವರ್ತಕಗಳಿವೆ. ಆದರೆ ಹನ್ನೆರಡು ವರ್ಷದಲ್ಲಿ ಒಂದೇ ಕಾಲಂಗೆ ಒಬ್ಬರು ನುಡಿಯಲ್ಲಿ, ಒಬ್ಬರು ಇಂಗ್ಲಿಷಿನಲ್ಲಿ, ಇನ್ನೊಬ್ಬರು ಎರಡೂ ಕಲಸಿ ಬರೆದಿದ್ದರು. ಇಂಗ್ಲಿಷಿನ ಹೆಸರನ್ನು ಪರಿವರ್ತಕಕ್ಕೆ ಕೊಟ್ಟರೆ ಅದು ಕನ್ನಡದಲ್ಲಿ ಅರ್ಥವಿಲ್ಲದ ಅಕ್ಷರ ಕಕ್ಕುತ್ತದೆ. ಸಾವಿರಾರು ಹೆಸರು ಕಣ್ಣಿಂದಲೇ ನೋಡಬೇಕು. ಹೆಸರು ತಪ್ಪಿದರೆ ಮುಂಗಡದ ಬಾಕಿ ಇನ್ನೊಬ್ಬರ ತಲೆಗೆ.

ಅದರ ಜೊತೆ ಡೇಟಾಬೇಸ್ ಒಳಗೇ ಬರೆದ 140 ಪ್ರೊಸೀಜರ್‌ಗಳು, ಅಂದರೆ ಸಣ್ಣ ಪ್ರೋಗ್ರಾಂಗಳು. ಅವು ಮೈಕ್ರೋಸಾಫ್ಟಿನ ಭಾಷೆಯಲ್ಲಿವೆ. ಪೋಸ್ಟ್‌ಗ್ರೆಸ್‌ಗೆ ತರಬೇಕಾದರೆ ಒಂದೊಂದನ್ನೂ ತಿದ್ದಬೇಕು, ಒಂದೊಂದರ ಉತ್ತರವನ್ನೂ ಹಳೆಯದಕ್ಕೆ ತಾಳೆ ನೋಡಬೇಕು. ನಾಲ್ಕು ತಿಂಗಳು ಎಂಟಾಗುತ್ತದೆ ಅಂತ ಒಳಮನಸ್ಸಿಗೆ ಗೊತ್ತಿತ್ತು. ಎಂಟು ತಿಂಗಳು ಅಂದರೆ ನೇರ ಸೀಸನ್ ನಡುವೆ.

ಆದರೂ ನಾನು ಬಿಟ್ಟಿರಲಿಲ್ಲ. ಬಿಡಿಸಿದ್ದು ಮುನೀಮರು. ಎಪ್ಪತ್ತರ ಹತ್ತಿರದವರು, ನಾನು ಕಾಕಾ ಅಂತಲೇ ಕರೆಯುವುದು. ನನ್ನ ಲೆಕ್ಕವೆಲ್ಲ ಕೇಳಿ, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಕೇಳಿದರು.

"ತಮ್ಮಾ, ಜನವರಿದಾಗ ಸಂಜಿ ಐದಕ್ಕ ಇದು ನಿಂತ್ತು ಅಂತ ತಿಳಕೊ. ನೀ ಊರಾಗ ಇಲ್ಲ. ನಾ ಯಾರಿಗಿ ಕರೀಲಿ?"

ನನ್ನಲ್ಲಿ ಉತ್ತರ ಇರಲಿಲ್ಲ. ಸೂಪರ್ ಮಾರ್ಕೆಟ್ ಕಡೆ ನನಗೆ ಗೊತ್ತಿರುವ ಹತ್ತು ಮೆಕ್ಯಾನಿಕ್‌ಗಳಲ್ಲಿ ಒಂಬತ್ತು ಜನ ವಿಂಡೋಸ್ ಬಿಟ್ಟು ಬೇರೆ ಮುಟ್ಟಿದವರಲ್ಲ. ಹತ್ತನೆಯವನು ನಾನೇ.

"ಒಂದ್ ದಿನ ನಿಂತ್ರ ಎಷ್ಟ್ ಹೋಗ್ತದ ಕಾಕಾ?" ಅಂದೆ. ಅವರು ಬೆರಳೆಣಿಸಲಿಲ್ಲ, ಬಾಯಲ್ಲೇ ಇತ್ತು. ಸೀಸನ್‌ನಲ್ಲಿ ದಿನಕ್ಕೆ ನಾನೂರು ಕ್ವಿಂಟಲ್ ಹತ್ತಿರ ಮಾಲು ಹೋಗುತ್ತದೆ. ಕಮಿಷನ್ ಎಪ್ಪತ್ತು ಸಾವಿರದ ಆಸುಪಾಸು. ಕೈಯಲ್ಲಿ ಪಟ್ಟಿ ಬರೆದರೆ ಅರ್ಧ ಉಳಿಸಿಕೊಳ್ಳಬಹುದು. "ಆದ್ರ ಕಾಯ್ದು ಕಾಯ್ದು ಬ್ಯಾಸರಾಗಿ ಬಾಜೂ ಅಂಗಡಿಗಿ ಹೋದ ರೈತ ಮುಂದಿನ ವರ್ಷ ಅಲ್ಲೇ ಹೋಗ್ತಾನ."

ಅಲ್ಲಿಯವರೆಗೆ ನಾವೆಲ್ಲ ಸರ್ವರ್‌ಗೆ ಎಷ್ಟು ಕೊಡಬೇಕು ಅಂತ ಲೆಕ್ಕ ಹಾಕುತ್ತಿದ್ದೆವು. ಕಾಕಾ ಮಾತ್ರ ಅದು ನಿಂತರೆ ಎಷ್ಟು ಹೋಗುತ್ತದೆ, ಎಬ್ಬಿಸುವವರು ಯಾರು ಅಂತ ಲೆಕ್ಕ ಹಾಕುತ್ತಿದ್ದರು. ಎಪ್ಪತ್ತು ಸಾವಿರದ ದಿನಗಳು ವರ್ಷಕ್ಕೆ ಅರವತ್ತು ಇವೆ. ಹೈದರಾಬಾದಿನ ಏಳು ಲಕ್ಷದ ಕೊಟೇಶನ್‌ನಲ್ಲಿ ಎರಡನೇ ಮಷಿನ್ ಇರಲಿಲ್ಲ. ನನ್ನ ಸೊನ್ನೆ ಲೈಸೆನ್ಸ್ ಲೆಕ್ಕದಲ್ಲೂ ಇರಲಿಲ್ಲ.

8.7 ಜಿಬಿ ಎಲ್ಲಿಂದ ಬಂತು

ಮತ್ತೆ ಮೊದಲಿಂದ ಕೂತೆ. ಎಸ್‌ಕ್ಯೂಎಲ್ ಸ್ಟ್ಯಾಂಡರ್ಡ್ ಯಾಕೆ ಬೇಕು ಅಂತ ಕೊಟೇಶನ್ ಕೊಟ್ಟವರನ್ನು ಕೇಳಿದೆ. "ಎಕ್ಸ್‌ಪ್ರೆಸ್‌ಗೆ 10 ಜಿಬಿ ಮಿತಿ ಇದೆ. ನಿಮ್ಮದು 8.7ಕ್ಕೆ ಬಂದಿದೆ. ಒಂದು ವರ್ಷದಲ್ಲಿ ನಿಲ್ಲುತ್ತದೆ" ಅಂದರು. ಮಿತಿ ನಿಜ. 2014ರ ಆವೃತ್ತಿಯಲ್ಲೂ 10, 2022ರ ಆವೃತ್ತಿಯಲ್ಲೂ 10. ಆದರೆ ಒಂದು ಅಡತಿ ಅಂಗಡಿಯ ಲೆಕ್ಕ 8.7 ಜಿಬಿ ಆಗುವುದು ಹೇಗೆ? ಅದು ಬರೀ ಅಂಕಿ ಮತ್ತು ಹೆಸರು. ಒಂದು ಪಟ್ಟಿ ಒಂದೆರಡು ಕಿಲೋಬೈಟ್ ದಾಟುವುದಿಲ್ಲ.

ಯಾವ ಟೇಬಲ್ ಎಷ್ಟು ಜಾಗ ತಿಂದಿದೆ ಅಂತ ಪಟ್ಟಿ ತೆಗೆದೆ. ಮೇಲೆಯೇ ಇತ್ತು ಕಳ್ಳ. ಒಂದೇ ಟೇಬಲ್, 6.1 ಜಿಬಿ. ಒಳಗೆ ಫೋಟೋಗಳು. 2019ರಲ್ಲಿ ತೂಕದ ಕಾಟಾ ನೋಡುವ ಹುಡುಗನಿಗೆ ಹೊಸ ಮೊಬೈಲ್ ಬಂದಾಗಿನಿಂದ ತೂಕದ ಚೀಟಿಯ ಫೋಟೋ ತೆಗೆದು ಸಾಫ್ಟ್‌ವೇರಿಗೆ ಹಾಕುವ ರೂಢಿ ಶುರುವಾಗಿತ್ತು. ಒಳ್ಳೆಯ ರೂಢಿಯೇ, ಜಗಳ ಬಂದಾಗ ತೋರಿಸಬಹುದು. ಆದರೆ ಅಂಗೈಯಷ್ಟು ಚೀಟಿಗೆ ನಾಲ್ಕು ಎಂಬಿ ಫೋಟೋ, ಅದೂ ಡೇಟಾಬೇಸ್ ಒಳಗೇ. ಕೆಲವು ಫೋಟೋದಲ್ಲಿ ಚೀಟಿಗಿಂತ ಹೆಬ್ಬೆರಳೇ ದೊಡ್ಡದಾಗಿ ಬಂದಿತ್ತು.

ಫೋಟೋಗಳನ್ನೆಲ್ಲ ಹೊರಗೆ ತೆಗೆದು ಮಾಮೂಲಿ ಫೋಲ್ಡರ್‌ಗೆ ಹಾಕಿದೆ. ಟೇಬಲ್‌ನಲ್ಲಿ ಫೈಲಿನ ದಾರಿ ಮಾತ್ರ ಉಳಿಸಿದೆ. ಕೋಡ್‌ನಲ್ಲಿ ತಿದ್ದಬೇಕಾದದ್ದು ಎರಡು ಕಡೆ, ಒಂದು ದಿನದ ಕೆಲಸ. ಆಮೇಲೆ ಫೈಲನ್ನು ಕುಗ್ಗಿಸಬೇಕು, ಯಾಕಂದ್ರೆ ಒಳಗಿನದನ್ನು ಅಳಿಸಿದ ಮಾತ್ರಕ್ಕೆ ಫೈಲಿನ ಗಾತ್ರ ಇಳಿಯುವುದಿಲ್ಲ, ಮಿತಿ ಲೆಕ್ಕಕ್ಕೆ ಬರುವುದು ಆ ಗಾತ್ರವೇ. ಕೊನೆಗೆ ಉಳಿದದ್ದು 2.6 ಜಿಬಿ. ವರ್ಷಕ್ಕೆ ಇನ್ನೂರು ಎಂಬಿ ಬೆಳೆದರೂ ಈ ಮಿತಿ ಮುಟ್ಟುವಷ್ಟರಲ್ಲಿ ನಾನು ರಿಟೈರ್ ಆಗಿರುತ್ತೇನೆ.

ಒಂದು ದಿನದ ಕೆಲಸದಿಂದ ಕೊಟೇಶನ್‌ನ ಎರಡು ಎಸ್‌ಕ್ಯೂಎಲ್ ಸಾಲು, ಒಟ್ಟು 3,04,000 ರೂಪಾಯಿ, ಅದರ ಮೇಲಿನ ಜಿಎಸ್‌ಟಿ, ಎಲ್ಲ ಹೊಡೆದು ಹೋಯಿತು.

ನಾವು ಹಾಕಲಿದ್ದ 2022ರ ಎಕ್ಸ್‌ಪ್ರೆಸ್‌ಗೆ ಬೇರೆ ಕಟ್ಟುಗಳೂ ಇವೆ. ನಾಲ್ಕು ಕೋರ್‌ಗಿಂತ ಜಾಸ್ತಿ ಬಳಸುವುದಿಲ್ಲ. ಡೇಟಾ ಇಟ್ಟುಕೊಳ್ಳಲು 1,410 ಎಂಬಿಗಿಂತ ಜಾಸ್ತಿ ಮೆಮೊರಿ ತೆಗೆದುಕೊಳ್ಳುವುದಿಲ್ಲ. ಹಾಗಿದ್ದರೆ ಅದಕ್ಕೆ ದೊಡ್ಡ ಮಷಿನ್ ಯಾಕೆ? ಕೊಟೇಶನ್‌ನಲ್ಲಿದ್ದ 64 ಜಿಬಿ ಮೆಮೊರಿಯ ಬದಲು 16 ಸಾಕು ಅಂದೆ.

ವಿಂಡೋಸ್ ವಿಷಯದಲ್ಲೂ ಒಂದು ಬಾಗಿಲು ಇತ್ತು. ವಿಂಡೋಸ್ ಸರ್ವರ್ ಎಸೆನ್ಷಿಯಲ್ಸ್ ಅಂತ ಒಂದು ಆವೃತ್ತಿ ಇದೆ. 25 ಬಳಕೆದಾರರು, 50 ಸಾಧನಗಳವರೆಗೆ ಕ್ಯಾಲ್ ಬೇಡವೇ ಬೇಡ. ಒಂದೇ ಪ್ರೊಸೆಸರ್, ಹತ್ತು ಕೋರ್‌ನೊಳಗೆ ಇರಬೇಕು. 2022ರ ಆವೃತ್ತಿ ಹೊಸ ಮಷಿನ್ ಜೊತೆಗೇ ಬರುತ್ತದೆ, ಬಿಡಿಯಾಗಿ ಸಿಗುವುದಿಲ್ಲ. ನಮಗೆ ಹೇಳಿ ಮಾಡಿಸಿದ ಹಾಗಿತ್ತು. ಬೆಲೆ 36,000. ಇಂಟರ್ನೆಟ್‌ನಲ್ಲಿ ಸಾವಿರದೈನೂರಕ್ಕೆ ಸ್ಟ್ಯಾಂಡರ್ಡ್ ಕೀ ಸಿಗುತ್ತದೆ ಅಂತ ಪಕ್ಕದ ಅಂಗಡಿಯವರು ಸಲಹೆ ಕೊಟ್ಟರು. ಅಂಥದ್ದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಬೇಡ ಅಂದೆವು.

ಎರಡನೇ ಮಷಿನ್

ಉಳಿದ ದುಡ್ಡಲ್ಲಿ ಕಾಕಾ ಕೇಳಿದ ಪ್ರಶ್ನೆಗೆ ಉತ್ತರ ಮಾಡಬೇಕಿತ್ತು. ಇಲ್ಲಿ ಲಿನಕ್ಸ್ ಹಿಂಬಾಗಿಲಿಂದ ಬಂತು. ಎಸ್‌ಕ್ಯೂಎಲ್ ಸರ್ವರ್ 2017ರಿಂದ ಲಿನಕ್ಸ್ ಮೇಲೂ ನಡೆಯುತ್ತದೆ, ಎಕ್ಸ್‌ಪ್ರೆಸ್ ಕೂಡ. ವಿಂಡೋಸ್‌ನಲ್ಲಿ ತೆಗೆದ ಬ್ಯಾಕಪ್ಪನ್ನು ಅಲ್ಲಿ ತೆರೆಯಬಹುದು. ಸಾಫ್ಟ್‌ವೇರ್‌ಗೆ ತಾನು ಯಾವುದರ ಜೊತೆ ಮಾತಾಡುತ್ತಿದ್ದೇನೆ ಅಂತ ಗೊತ್ತಾಗುವುದೂ ಇಲ್ಲ.

ಮೂಲೆಗೆ ಎಸೆದಿದ್ದ ಒಂದು ಹಳೆಯ ಡೆಸ್ಕ್‌ಟಾಪ್ ತಂದು, ಹೊಸ ಎಸ್‌ಎಸ್‌ಡಿ, ಮೆಮೊರಿ ಹಾಕಿದೆ. 9,500 ರೂಪಾಯಿ. ಉಬುಂಟು ಅನ್ನುವ ಲಿನಕ್ಸ್‌ನ 20.04 ಆವೃತ್ತಿ ಹಾಕಿದೆ. 22.04 ಬಂದು ಒಂದು ವರ್ಷ ದಾಟಿತ್ತು, ಆದರೆ ಎಸ್‌ಕ್ಯೂಎಲ್ 2022ಕ್ಕೆ ಆಗ ಅಧಿಕೃತವಾಗಿ ಒಪ್ಪಿಗೆ ಇದ್ದದ್ದು 20.04ಕ್ಕೆ. ಎಕ್ಸ್‌ಪ್ರೆಸ್‌ನಲ್ಲಿ ಸಮಯಕ್ಕೆ ಸರಿಯಾಗಿ ಕೆಲಸ ಓಡಿಸುವ ಏಜೆಂಟ್ ಇಲ್ಲ. ಹಾಗಾಗಿ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ಗೇ ಆ ಕೆಲಸ ಹಚ್ಚಿದೆ. ಹದಿನೈದು ನಿಮಿಷಕ್ಕೊಮ್ಮೆ ಲಾಗ್ ಬ್ಯಾಕಪ್ (ಹಿಂದಿನ ಸಲದಿಂದ ಆದ ಬದಲಾವಣೆಗಳ ಪ್ರತಿ) ತೆಗೆದು ಈ ಮಷಿನ್‌ಗೆ ಕಳಿಸುತ್ತದೆ, ಇದು ಅದನ್ನು ತನ್ನ ಪ್ರತಿಗೆ ಸೇರಿಸಿಕೊಂಡು ಸುಮ್ಮನೆ ಮಲಗಿರುತ್ತದೆ.

ಮಲಗಿದ್ದನ್ನು ಎಬ್ಬಿಸುವುದು ಯಾರಿಗಾದರೂ ಬರಬೇಕಲ್ಲ. ಗೋಡೆಗೆ ಒಂದು ಕಾಗದ ಅಂಟಿಸಿದೆ. "1. ದೊಡ್ಡ ಸರ್ವರ್‌ನ ಹಳದಿ ವೈರ್ ಕಿತ್ತು ಹಾಕು. 2. ಅದನ್ನೇ ಸಣ್ಣ ಮಷಿನ್‌ನ ಹಳದಿ ಗುರುತಿನ ತೂತಿಗೆ ಹಾಕು. 3. ಕೀಬೋರ್ಡ್‌ನಲ್ಲಿ ಎಬ್ಬಿಸು ಅಂತ ಹೊಡೆದು ಎಂಟರ್ ಒತ್ತು. 4. ಎದ್ದೆ ಅಂತ ಬರುವ ತನಕ ಬೇರೆ ಏನೂ ಮುಟ್ಟಬೇಡ." ಎಬ್ಬಿಸು ಅನ್ನುವುದು ನಾನು ಬರೆದ ಸ್ಕ್ರಿಪ್ಟಿನ ಹೆಸರು. ಹಳದಿ ಗುರುತಿನ ತೂತಿಗೆ ದೊಡ್ಡ ಸರ್ವರ್‌ನ ವಿಳಾಸವನ್ನೇ ಕೊಟ್ಟಿದ್ದೆ. ಹಾಗಾಗಿ ಹನ್ನೆರಡು ಕಂಪ್ಯೂಟರ್‌ಗಳಲ್ಲಿ ಏನೂ ಬದಲಾಯಿಸಬೇಕಿರಲಿಲ್ಲ.

ಒಟ್ಟು ಖರ್ಚು ಹೀಗಾಯಿತು. ಎರಡು ಎಸ್‌ಎಸ್‌ಡಿ ಜೋಡಿಸಿದ ಸಣ್ಣ ಸರ್ವರ್ 1,20,000, ವಿಂಡೋಸ್ 36,000, ಹಳೆಯ ಮಷಿನ್ ರಿಪೇರಿ 9,500, ಯುಪಿಎಸ್ ಮತ್ತು ಬ್ಯಾಟರಿ 28,000, ಮನೆಗೆ ಒಯ್ಯುವ ಎರಡು ಡಿಸ್ಕ್ 9,000, ನನ್ನ ಕೂಲಿ 45,000. ಜಿಎಸ್‌ಟಿ ಸೇರಿ 2 ಲಕ್ಷ 92 ಸಾವಿರ. ಮೇಲೆ ವರ್ಷಕ್ಕೆ ನನ್ನ ನಿರ್ವಹಣೆ 24,000, ರಾತ್ರಿ ಬ್ಯಾಕಪ್ಪಿನ ಒಂದು ಪ್ರತಿ ಇಡಲು ಕ್ಲೌಡ್ ಜಾಗಕ್ಕೆ 3,600. ಮಗನ ಕ್ಲೌಡ್ ಅಷ್ಟರಮಟ್ಟಿಗೆ ಉಳಿಯಿತು. ಜಿಎಸ್‌ಟಿ ಸೇರಿಸಿ ಐದು ವರ್ಷಕ್ಕೆ ಸುಮಾರು ನಾಲ್ಕೂವರೆ ಲಕ್ಷ.

ಗಮನಿಸಿ, ಮಗ ಹಾಕಿದ್ದ ಗಂಟೆ ಲೆಕ್ಕದ 4 ಲಕ್ಷ 20 ಸಾವಿರಕ್ಕಿಂತ ಇದು ಜಾಸ್ತಿಯೇ. ಅವನು ಅದನ್ನು ಹೇಳದೆ ಬಿಡಲಿಲ್ಲ. ಆ ಲೆಕ್ಕದಲ್ಲಿ ನಿರ್ವಹಣೆಯ ಖರ್ಚು ಇರಲಿಲ್ಲ ಅಂತ ನಾನೂ ಹೇಳದೆ ಬಿಡಲಿಲ್ಲ.

ಸರ್ವರ್ ಇಡುವ ಜಾಗವನ್ನೂ ಬದಲಾಯಿಸಿದೆವು. ಗೋಣಿಚೀಲದ ಕೋಣೆಯಿಂದ ಸಾವುಕಾರರ ಗದ್ದಿಗೆಯ ಹಿಂದಿನ ಗೋಡೆಗೆ ಬಂತು. ಎಸಿ ಇರುವುದು ಅಲ್ಲಿ ಮಾತ್ರ. ದೀಪಾವಳಿ ಪೂಜೆಯಲ್ಲಿ ಖಾತೆ ಪುಸ್ತಕದ ಜೊತೆ ಅದಕ್ಕೂ ಅರಿಶಿನ ಕುಂಕುಮ ಬಿತ್ತು. ಯುಎಸ್‌ಬಿ ತೂತಿನೊಳಗೆ ಸೇರಿದ ಕುಂಕುಮ ತೆಗೆಯಲು ನನಗೆ ಅರ್ಧ ಗಂಟೆ ಹಿಡಿಯಿತು.

ಜನವರಿಯ ಆ ಸಂಜೆ

2024ರ ಜನವರಿ, ಸಂಕ್ರಾಂತಿ ಕಳೆದ ವಾರ. ತೊಗರಿ ಕ್ವಿಂಟಲ್‌ಗೆ ಒಂಬತ್ತು ಸಾವಿರದ ಮೇಲೆ ಓಡುತ್ತಿತ್ತು. ನಾನು ಬೀದರ್‌ನಲ್ಲಿದ್ದೆ. ನೂರು ಕಿಲೋಮೀಟರ್‌ಗಿಂತ ದೂರ. ಸಂಜೆ ನಾಲ್ಕೂ ಇಪ್ಪತ್ತಕ್ಕೆ ಕಾಟಾ ಹುಡುಗನ ಫೋನ್.

"ಅಣ್ಣಾ, ದೊಡ್ಡದು ಟಪ್ ಅಂತ ಸಪ್ಪಳ ಮಾಡಿ ಬಂದ್ ಆತು. ಸುಟ್ಟ ವಾಸ್ನಿ ಬರ್ಲಿಕತ್ತದ."

ಪವರ್ ಸಪ್ಲೈ ಹೋಗಿತ್ತು. ಹೊಸ ಮಷಿನ್, ಮೂರು ತಿಂಗಳೂ ಆಗಿರಲಿಲ್ಲ. ಎಸಿ, ಯುಪಿಎಸ್ ಎಲ್ಲ ಇದ್ದೂ ಹೀಗಾಗುತ್ತದೆ. "ಗೋಡಿ ಮ್ಯಾಲಿನ ಕಾಗದ ಓದು" ಅಂದೆ. ಅವನು ಫೋನ್ ಸ್ಪೀಕರ್‌ಗೆ ಹಾಕಿ ಓದುತ್ತಾ ಹೋದ. ಹಿಂದೆ ರೈತರ ಗದ್ದಲ, ಯಾರೋ ಚಹಾ ಕೇಳುತ್ತಿದ್ದರು. ಹಳದಿ ವೈರ್ ಹುಡುಕಲಿಕ್ಕೇ ಹತ್ತು ನಿಮಿಷ, ಯಾಕಂದ್ರೆ ಹಳದಿ ವೈರ್ ಎರಡಿದ್ದವು. ಅದು ನನ್ನ ತಪ್ಪು. ಎಬ್ಬಿಸು ಅಂತ ಮೊದಲ ಸಲ ಒಂದು ಅಕ್ಷರ ತಪ್ಪಿ ಹೊಡೆದ. ಎರಡನೇ ಸಲ ಎದ್ದಿತು. ಐದಕ್ಕೆ ಎರಡು ನಿಮಿಷ ಇರುವಾಗ ಮೊದಲ ಪಟ್ಟಿ ಮುದ್ರಣವಾಯಿತು. ಒಟ್ಟು 38 ನಿಮಿಷ. ಕೊನೆಯ ಬ್ಯಾಕಪ್ ಆದಮೇಲಿನ ಹನ್ನೊಂದು ಪಟ್ಟಿಗಳು ಮಾತ್ರ ಹೋಗಿದ್ದವು. ಕಾರ್ಬನ್ ಪ್ರತಿ ಇತ್ತಲ್ಲ, ನೋಡಿಕೊಂಡು ಮತ್ತೆ ಹೊಡೆದರು. ಆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರನ್ನು ಇನ್ನು ಮೇಲೆ ನಾನು ಬೈಯುವುದಿಲ್ಲ.

ಹೊಸ ಪವರ್ ಸಪ್ಲೈ ಹೈದರಾಬಾದಿನಿಂದ ಬರಲು ಮೂರು ದಿನ ಹಿಡಿಯಿತು. ಸೀಸನ್‌ನ ಆ ಮೂರು ದಿನವೂ ಅಂಗಡಿ ನಡೆದದ್ದು 9,500 ರೂಪಾಯಿಯ ಆ ಹಳೆಯ ಡೆಸ್ಕ್‌ಟಾಪ್ ಮೇಲೆ. ಲಿನಕ್ಸ್ ಮೇಲೆ. ನಿಧಾನ ಆಯಿತು ಅಂತ ಒಬ್ಬರೂ ಹೇಳಲಿಲ್ಲ.

ಇದಾದ ಮೇಲೆ ಮಗ ಕೇಳಿದ, "ಹಾಗಾದ್ರೆ ಆ ವಿಂಡೋಸಿನ 36,000 ಸುಮ್ನೆ ಹೋಯ್ತಲ್ವಾ?"

ಈ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಎರಡೂ ಮಷಿನ್‌ಗೆ ಲಿನಕ್ಸ್ ಹಾಕಿದ್ದರೂ ನಡೆಯುತ್ತಿತ್ತು, ಅದು ಕಣ್ಣೆದುರೇ ಕಂಡಿತು. ಆದರೆ ಅದೇ ಮಾರ್ಚ್‌ನಲ್ಲಿ ಪ್ರಿಂಟರ್ ಹಂಚಿಕೆ ಕೆಟ್ಟಾಗ ಸೂಪರ್ ಮಾರ್ಕೆಟ್‌ನ ಮೆಕ್ಯಾನಿಕ್ ಬಂದು ಮುನ್ನೂರು ರೂಪಾಯಿಗೆ ಸರಿ ಮಾಡಿ ಹೋದ, ನನಗೆ ಫೋನ್ ಕೂಡ ಬರಲಿಲ್ಲ. ಇನ್ನು ಪುಕ್ಕಟೆ ಉಬುಂಟು ಕೂಡ ಪೂರ್ತಿ ಪುಕ್ಕಟೆಯಲ್ಲ. 20.04ರ ಐದು ವರ್ಷದ ಅವಧಿ 2025ರಲ್ಲಿ ಮುಗಿಯಿತು. ಎರಡು ದಿನ ಕೂತು 22.04 ಹಾಕಿ, ಎಲ್ಲ ಮತ್ತೆ ಪರೀಕ್ಷೆ ಮಾಡಿದೆ. ಆ ಎರಡು ದಿನದ ಕೂಲಿ ಯಾವ ಕೊಟೇಶನ್‌ನಲ್ಲೂ ಇರಲಿಲ್ಲ. ಒಂದು ಕಡೆ 36,000, ಇನ್ನೊಂದು ಕಡೆ ನನ್ನ ದಿನಗಳು. ನನ್ನ ದಿನಗಳಿಗೆ ಎಷ್ಟು ಬೆಲೆ ಅಂತ ಹೇಳಬೇಕಾದವನು ನಾನಲ್ಲ, ಅಲ್ವಾ?

ಕಾಕಾ ಈ ಚರ್ಚೆಯಲ್ಲಿ ಸೇರಲಿಲ್ಲ. ಅವರು ಕೇಳಿದ್ದು ಒಂದೇ: ಹಳದಿ ವೈರ್ ಇನ್ನೂ ಎರಡೇ ಇವೆಯಾ ಅಂತ. ಮರುದಿನ ಹೋಗಿ ಒಂದನ್ನು ನೀಲಿ ಮಾಡಿ ಬಂದೆ. ಕಾಗದದ ಮೇಲೆ ಕಾಟಾ ಹುಡುಗ ಐದನೇ ಸಾಲು ತಾನೇ ಬರೆದಿದ್ದ. "5. ಚಹಾ ಆಮೇಲೆ."